ನಿಂತ ಮರ ದಾಸ್ತಾನು, ಮೊಳೆತ ಸಸಿ ಬಂಡವಾಳ

ಎಲೆಯುದುರಿಸುವ ಕಾಡುಗಳ ಮರಜಾತಿಗಳು, ಅವುಗಳ ಮರುಹುಟ್ಟು ಹಾಗೂ ನಮ್ಮ ಉದ್ಯಮಗಳ ನಾಳೆ

ಅಂಗಡಿಯ ಕಪಾಟುಗಳೆಲ್ಲ ಸರಕಿನಿಂದ ತುಂಬಿವೆಯೆಂದ ಮಾತ್ರಕ್ಕೆ ವ್ಯಾಪಾರ ಸುಭದ್ರವಾಗಿದೆಯೆಂದು ಅನುಭವಸ್ಥ ವರ್ತಕನಾರೂ ಹೇಳುವುದಿಲ್ಲ. ಮಾರಿಹೋದ ಸರಕಿನ ಜಾಗಕ್ಕೆ ಹೊಸ ಸರಕು ಬರುತ್ತಿದೆಯೆ, ಬರುವ ಸರಕು ಗಿರಾಕಿ ಕೇಳುವ ಬಗೆಯದೆ, ಒದಗಿಸುವವನ ಬಾಗಿಲು ಇನ್ನೂ ತೆರೆದಿದೆಯೆ ಎಂಬುದನ್ನು ಆತ ಮೊದಲು ವಿಚಾರಿಸುತ್ತಾನೆ. ಆದರೆ ಕಾಡಿನ ಉತ್ಪನ್ನಗಳ ವಿಷಯಕ್ಕೆ ಬಂದಾಗ ಇದೇ ವರ್ತಕ ಈ ಎಚ್ಚರವನ್ನು ಮರೆಯುವುದುಂಟು. ರಸ್ತೆಯ ಇಕ್ಕೆಲಗಳಲ್ಲಿ ದಟ್ಟವಾಗಿ ನಿಂತ ಮರಗಳನ್ನು ಕಂಡು ಇನ್ನು ನೂರು ವರ್ಷ ಕೊರತೆಯಿಲ್ಲವೆಂದು ನಾವು ಸಮಾಧಾನಪಡುತ್ತೇವೆ. ಆ ಮರಗಳ ಬುಡದಲ್ಲಿ ಅದೇ ಜಾತಿಯ ಸಸಿಗಳು ಎಷ್ಟಿವೆ ಎಂದು ಬಗ್ಗಿ ನೋಡುವವರು ವಿರಳ.

ಈ ಪ್ರಶ್ನೆ ಕೇವಲ ಅರಣ್ಯ ಇಲಾಖೆಗೆ ಅಥವಾ ಸಸ್ಯಶಾಸ್ತ್ರಜ್ಞರಿಗೆ ಸೇರಿದ್ದಲ್ಲ. ಸಾ ಮಿಲ್ಲು ನಡೆಸುವವರು, ಬಾಗಿಲು ಕಿಟಕಿ ಹಾಗೂ ಪೀಠೋಪಕರಣ ತಯಾರಕರು, ಮೈಸೂರಿನ ಬೀಟೆ ಕೆತ್ತನೆಯ ಕುಶಲಕರ್ಮಿಗಳು, ಅಗರಬತ್ತಿ ಉದ್ಯಮಿಗಳು, ಆಯುರ್ವೇದ ಔಷಧಿ ತಯಾರಕರು, ಬುಟ್ಟಿ ಹೆಣೆಯುವ ಮೇದಾರರು, ಅಡಿಕೆ ಬೆಳೆಗಾರರು ಇವರೆಲ್ಲರ ಲೆಕ್ಕದ ಪುಸ್ತಕದಲ್ಲಿ ಎಲ್ಲೋ ಒಂದು ಕಡೆ ಈ ಕಾಡಿನ ಸಾಲು ಇದ್ದೇ ಇರುತ್ತದೆ. ಆದ್ದರಿಂದ ಈ ಲೇಖನದಲ್ಲಿ ನಮ್ಮ ರಾಜ್ಯದ ಎಲೆಯುದುರಿಸುವ ಕಾಡುಗಳ ಒಳಗಿನ ಲೆಕ್ಕಾಚಾರವನ್ನು ವರ್ತಕರ ದೃಷ್ಟಿಯಿಂದ ಪರಿಶೀಲಿಸಲಾಗಿದೆ.

ಯಾವುದು ಈ ಕಾಡು?

ಪಶ್ಚಿಮ ಘಟ್ಟದ ನೆತ್ತಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಅಲ್ಲಿನ ಕಾಡು ಸದಾ ಹಸಿರು. ಅಲ್ಲಿಂದ ಪೂರ್ವಕ್ಕೆ ಇಳಿದಂತೆ ಕೆಲವೇ ಹರದಾರಿಗಳಲ್ಲಿ ಮಳೆ ಅರ್ಧಕ್ಕಿಳಿದು, ಬಯಲುಸೀಮೆಯ ಕುರುಚಲು ಕಾಡು ಎದುರಾಗುತ್ತದೆ. ಇವೆರಡರ ನಡುವಿನ ಪಟ್ಟಿಯೇ ನಮ್ಮ ವಿಷಯ. ಹಳಿಯಾಳ, ದಾಂಡೇಲಿ, ಯಲ್ಲಾಪುರ, ಮುಂಡಗೋಡುಗಳಿಂದ ಹೊರಟು ಭದ್ರಾ ಕಣಿವೆಯನ್ನು ಹಾದು ನಾಗರಹೊಳೆ, ಕಾಕನಕೋಟೆಗಳವರೆಗೆ ಈ ಪಟ್ಟಿ ಅಲ್ಲಲ್ಲಿ ತುಂಡಾಗುತ್ತ ಹಬ್ಬಿದೆ. ಇಲ್ಲಿ ನಾಲ್ಕೈದು ತಿಂಗಳು ಹದವಾದ ಮಳೆ. ಮುಂದೆ ದೀರ್ಘವಾದ ಒಣಕಾಲ. ಮಾಘ ಫಾಲ್ಗುಣಗಳಲ್ಲಿ ಮತ್ತಿ, ನಂದಿ, ತೇಗ, ಜಂಬೆಗಳು ಎಲೆ ಕಳಚಿ ಬೋಳಾಗಿ ನಿಂತರೆ, ಹಳ್ಳದ ಬದಿಯ ನೇರಳೆ, ಮಾವುಗಳು ಹಸಿರಾಗಿಯೇ ಇರುತ್ತವೆ. ಹೀಗೆ ಭಾಗಶಃ ಎಲೆ ಕಳಚುವ ಉಷ್ಣವಲಯದ ಕಾಡುಗಳನ್ನು ಶಾಸ್ತ್ರಜ್ಞರು ಅರೆಪರ್ಣಪಾತಿ ಕಾಡುಗಳೆನ್ನುತ್ತಾರೆ. ಪನಾಮಾ, ಘಾನಾ ಮೊದಲಾದ ದೇಶಗಳಲ್ಲಿಯೂ ಇಂತಹ ಕಾಡುಗಳಿವೆ. ಭಾರತದ ಅರಣ್ಯಗಳನ್ನು 16 ಗುಂಪುಗಳಾಗಿ ವಿಂಗಡಿಸಿದ ಚಾಂಪಿಯನ್ ಮತ್ತು ಸೇಠ್ ಅವರ 1968ರ ವರ್ಗೀಕರಣದಲ್ಲಿ ನಮ್ಮ ಈ ಪಟ್ಟಿಯ ಬಹುಭಾಗವು ತೇವಭರಿತ ಎಲೆಯುದುರಿಸುವ ಕಾಡುಗಳ ಗುಂಪಿಗೂ, ಘಟ್ಟದ ಕಡೆಯ ಅಂಚು ಅರೆ ನಿತ್ಯಹರಿದ್ವರ್ಣದ ಗುಂಪಿಗೂ ಸೇರುತ್ತದೆ.

ವ್ಯಾಪಾರದ ದೃಷ್ಟಿಯಿಂದ ನೋಡಿದರೆ ಘಟ್ಟದ ನಿತ್ಯಹರಿದ್ವರ್ಣ ಕಾಡಿಗಿಂತಲೂ ಈ ಪಟ್ಟಿಯೇ ಶ್ರೀಮಂತವಾದುದು. ನಾಟಾ ಡಿಪೊಗಳಿಗೆ ಹೆಸರು ತಂದ ಜಾತಿಗಳ ತವರು ಇದು.

ಜಾತಿವಾರು ಲೆಕ್ಕ

ತೇಗ ಎಲ್ಲರಿಗೂ ಗೊತ್ತು. ಅದರ ಜೊತೆಗೆ ಬೆಳೆಯುವ ಮತ್ತಿ ಮನೆಯ ತೊಲೆ, ಚೌಕಟ್ಟುಗಳಿಗೆ, ಹೊನ್ನೆ ಬಾಗಿಲಿಗೂ ಪೀಠೋಪಕರಣಕ್ಕೂ, ನಂದಿ ಹಲಗೆಗೆ, ಜಂಬೆ ಕಂಬಕ್ಕೂ ಹಿಂದಿನ ಕಾಲದ ರೈಲ್ವೆ ಸ್ಲೀಪರಿಗೂ, ದಿಂಡಿಗ ಗಾಡಿಯ ಅಚ್ಚಿಗೂ ಹತಾರದ ಹಿಡಿಗೂ ಹೆಸರಾದವು. ದಿಂಡಿಗದ ಅಂಟು ಔಷಧಿ ಹಾಗೂ ಆಹಾರೋದ್ಯಮಗಳಲ್ಲಿ ಬಳಕೆಯಾಗುತ್ತದೆ. ಬೀಟೆ ಕೆತ್ತನೆಗೂ ಬೆಲೆಬಾಳುವ ಪೀಠೋಪಕರಣಕ್ಕೂ ಬೇಕು. ಅಳಲೆ, ತಾರೆ, ನೆಲ್ಲಿ ಈ ಮೂರೂ ಕೂಡಿದರೆ ತ್ರಿಫಲ. ಅಳಲೆ ಚರ್ಮ ಹದಮಾಡುವವರಿಗೂ ಬೇಕಾದ ಕಾಯಿ. ಬೂರುಗದ ಹಗುರ ಮರ ಬೆಂಕಿಕಡ್ಡಿಗೂ ಪ್ಯಾಕಿಂಗ್ ಪೆಟ್ಟಿಗೆಗೂ ಒದಗುತ್ತದೆ. ಅಗರಬತ್ತಿಯವರಿಗೆ ಬೇಕಾದ ಹಾಲುಮಡ್ಡಿಯೂ ಘಟ್ಟದ ಕಾಡಿನದೇ ಅಂಟು. ಅಳತೆ ಮೀರಿ ಗಾಯಮಾಡಿ ಅಂಟು ತೆಗೆದ ಕಡೆಗಳಲ್ಲಿ ಆ ಮರಗಳು ಸೊರಗಿದ್ದನ್ನು ಹಿರಿಯ ಉದ್ಯಮಿಗಳು ಬಲ್ಲರು.

ಜಾತಿಗಳ ಸಂಖ್ಯೆಯಲ್ಲಿ ಈ ಕಾಡು ಅಷ್ಟೇನೂ ದೊಡ್ಡದಲ್ಲ. ಪನಾಮಾ ದೇಶದ ಬಾರೊ ಕೊಲೊರಾಡೊ ದ್ವೀಪದಲ್ಲಿ 1980ರ ದಶಕದ ಆರಂಭದಲ್ಲಿ 50 ಹೆಕ್ಟೇರುಗಳನ್ನು ಗುರುತುಮಾಡಿ ಎಣಿಸಿದಾಗ ಸುಮಾರು 300 ಜಾತಿಯ ಮರಗಿಡಗಳು ದೊರೆತವು. ಬಂಡೀಪುರಕ್ಕೆ ಅಂಟಿಕೊಂಡ ತಮಿಳುನಾಡಿನ ಮುದುಮಲೆಯಲ್ಲಿ ಅಷ್ಟೇ ವಿಸ್ತಾರದ, ಆದರೆ ಮಳೆ ಕಡಿಮೆಯಿರುವ ತಾಣದಲ್ಲಿ ಎಣಿಸಿದಾಗ ಸಿಕ್ಕವು 70ರ ಆಸುಪಾಸು ಮಾತ್ರ. ಅಲ್ಲಿಯೂ ಮೇಲ್ಛಾವಣಿಯ ಬಹುಭಾಗವನ್ನು ನಂದಿ, ಮತ್ತಿ, ದಿಂಡಿಗ, ತೇಗ ಎಂಬ ನಾಲ್ಕೇ ಜಾತಿಗಳು ಹಂಚಿಕೊಂಡಿವೆ. ನಾಲ್ಕೇ ಗಿರಾಕಿಗಳನ್ನು ನಂಬಿದ ಅಂಗಡಿಗೆ ಒಬ್ಬ ಗಿರಾಕಿ ತಪ್ಪಿದರೂ ಹೇಗೆ ಪೆಟ್ಟು ಬೀಳುತ್ತದೆಯೋ ಹಾಗೆ, ಕೆಲವೇ ಜಾತಿಗಳ ಮೇಲೆ ನಿಂತ ಕಾಡಿನಲ್ಲಿ ಒಂದೆರಡು ಜಾತಿಗಳ ಮರುಹುಟ್ಟು ನಿಂತರೂ ಕಾಡಿನ ಸ್ವರೂಪವೇ ಬದಲಾಗುತ್ತದೆ.

ಗಾತ್ರವಾರು ಲೆಕ್ಕ

ಕಾಡಿನ ಆರೋಗ್ಯವನ್ನು ತಿಳಿಯಲು ಅರಣ್ಯಶಾಸ್ತ್ರಜ್ಞರು ಒಂದು ಸರಳ ಕ್ರಮವನ್ನು ಅನುಸರಿಸುತ್ತಾರೆ. ಒಂದು ಜಾತಿಯ ಎಲ್ಲ ಮರಗಳನ್ನೂ ದಪ್ಪದ ಪ್ರಕಾರ ವಿಂಗಡಿಸುತ್ತಾರೆ. ಬೆರಳು ಗಾತ್ರದವು ಎಷ್ಟು, ತೋಳು ಗಾತ್ರದವು ಎಷ್ಟು, ತೊಡೆ ಗಾತ್ರದವು ಎಷ್ಟು, ಅಪ್ಪುಗೆಗೆ ಸಿಗದಷ್ಟು ದಪ್ಪನೆಯವು ಎಷ್ಟು ಎಂಬ ಪಟ್ಟಿ ಸಿದ್ಧವಾಗುತ್ತದೆ. ಎಳೆಯವುಗಳಲ್ಲಿ ಸಾವು ಹೆಚ್ಚಾದ್ದರಿಂದ, ತಾನಾಗಿ ಮುಂದುವರಿಯುವ ಜಾತಿಯಲ್ಲಿ ಸಣ್ಣವು ಅತಿ ಹೆಚ್ಚಿದ್ದು ದಪ್ಪ ಏರಿದಂತೆ ಸಂಖ್ಯೆ ಇಳಿಯುತ್ತ ಹೋಗಬೇಕು. ಪಟ್ಟಿ ಇದಕ್ಕೆ ತಿರುವುಮುರುವಾಗಿ, ದೊಡ್ಡವು ಮಾತ್ರ ಇದ್ದು ಎಳೆಯವು ಇಲ್ಲವಾದರೆ, ಆ ಜಾತಿ ಹಳೆಯ ಗಳಿಕೆಯನ್ನು ಕರಗಿಸಿಕೊಂಡು ಬದುಕುತ್ತಿದೆ ಎಂದರ್ಥ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಬೇಕು. ಬೆಳಕನ್ನು ಬೇಡುವ ಜಾತಿಗಳು ದಟ್ಟ ನೆರಳಿನಲ್ಲಿ ಮೊಳೆತರೂ ಮೇಲೇಳುವುದಿಲ್ಲ. ಮುದಿಮರವೊಂದು ಉರುಳಿ ಬಿಸಿಲು ನೆಲಕ್ಕೆ ಬಿದ್ದಾಗ, ಅಥವಾ ಸತತ ಒಳ್ಳೆಯ ಮಳೆಯ ವರ್ಷಗಳು ಬಂದಾಗ, ಅವು ಒಮ್ಮೆಲೆ ಒಂದು ತಂಡವಾಗಿ ಏಳುತ್ತವೆ. ಆದ್ದರಿಂದ ಒಂದೇ ವರ್ಷ ನೋಡಿ ಸಸಿಯಿಲ್ಲವೆಂದು ತೀರ್ಪು ಕೊಡುವುದು, ಆಷಾಢದ ವಹಿವಾಟನ್ನು ನೋಡಿ ಇಡೀ ವರ್ಷದ ಲಾಭನಷ್ಟ ಹೇಳಿದಂತೆ. ಹತ್ತಿಪ್ಪತ್ತು ವರ್ಷಗಳ ಲೆಕ್ಕ ಬೇಕು.

ಹಾಗಿದ್ದರೂ ಅಂಗಡಿಗೂ ಕಾಡಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಅಂಗಡಿಯಲ್ಲಿ ಪೂರೈಕೆ ನಿಂತರೆ ತಿಂಗಳೊಪ್ಪತ್ತಿನಲ್ಲಿ ಕಪಾಟು ಬರಿದಾಗಿ ವಿಷಯ ಬಯಲಾಗುತ್ತದೆ. ಕಾಡಿನಲ್ಲಿ ಮರುಹುಟ್ಟು ನಿಂತು ಐವತ್ತು ವರ್ಷಗಳಾದರೂ ಹೊರಗಿನಿಂದ ನೋಡುವವನಿಗೆ ಏನೂ ತಿಳಿಯುವುದಿಲ್ಲ, ದೊಡ್ಡ ಮರಗಳು ನಿಂತೇ ಇರುತ್ತವೆ. ಇಂದು ಡಿಪೊದಲ್ಲಿ ಮಲಗಿರುವ ದಪ್ಪನೆಯ ಹೊನ್ನೆಯ ದಿಮ್ಮಿ ಬಹುಶಃ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ ಮೊಳೆತದ್ದು. ಅದರ ಬೆಲೆಯಲ್ಲಿ ಅಂದಿನ ಕಾಡಿನ ಸ್ಥಿತಿ ಇದೆಯೇ ಹೊರತು ಇಂದಿನ ಕಾಡಿನ ಸ್ಥಿತಿ ಇಲ್ಲ.

ಬೇರಿನಲ್ಲಿ ಕೂಡಿಟ್ಟ ಗಂಟು

ಎಲೆಯುದುರಿಸುವ ಕಾಡಿನ ಸಸಿಗಳ ಬಾಳು ವಿಚಿತ್ರವಾದುದು. ಮುಂಗಾರಿನಲ್ಲಿ ಮೊಳೆತ ಹೊನ್ನೆ ಅಥವಾ ಮತ್ತಿಯ ಸಸಿ ಗೇಣುದ್ದ ಬೆಳೆದು, ಬೇಸಗೆಯಲ್ಲಿ ಒಣಗಿ ಸತ್ತಂತೆ ಕಾಣುತ್ತದೆ. ಆದರೆ ನೆಲದೊಳಗೆ ಬೇರು ಜೀವ ಹಿಡಿದುಕೊಂಡಿರುತ್ತದೆ. ಮರುವರ್ಷ ಮತ್ತೆ ಚಿಗುರು, ಮತ್ತೆ ಒಣಗುವಿಕೆ. ಹೀಗೆ ಹಲವು ವರ್ಷ ನಡೆದು, ಬೇರು ದಪ್ಪವಾಗಿ ಅದರಲ್ಲಿ ಸಾಕಷ್ಟು ಆಹಾರ ಸಂಗ್ರಹವಾದ ಮೇಲೆ, ಅನುಕೂಲವಾದ ಒಂದು ವರ್ಷ ಸಸಿ ಒಮ್ಮೆಲೆ ಮೇಲೆದ್ದು ಬೆಂಕಿಯ ನಾಲಗೆಗೂ ಜಿಂಕೆಯ ಬಾಯಿಗೂ ಸಿಗದ ಎತ್ತರಕ್ಕೆ ಹೋಗುತ್ತದೆ. ಮಾರುಕಟ್ಟೆಗೆ ಇಳಿಯುವ ಮೊದಲು ವರ್ಷಗಟ್ಟಲೆ ಪೈಸೆ ಪೈಸೆ ಕೂಡಿಸುವ ಚಿಕ್ಕ ವ್ಯಾಪಾರಿಯ ಜಾಣ್ಮೆ ಇದು.

ಬೀಟೆಯ ದಾರಿ ಮತ್ತೊಂದು. ಅದು ಬೀಜದಿಂದ ಹುಟ್ಟುವುದಲ್ಲದೆ ಬೇರಿನಿಂದಲೂ ಮರಿ ಹಾಕುತ್ತದೆ. ಹಳೆಯ ಮರ ಅಥವಾ ಬೊಡ್ಡೆಯ ಸುತ್ತ ಕಾಲುವೆಯಂತೆ ತೋಡಿ ಬೇರುಗಳನ್ನು ಕಡಿದರೆ, ಕಡಿದ ಬೇರಿನಿಂದ ಸಸಿಗಳೇಳುತ್ತವೆಂಬುದನ್ನು ಅರಣ್ಯಾಧಿಕಾರಿಗಳು ಹಿಂದಿನಿಂದಲೂ ಬಲ್ಲರು. ತೇಗದ ಕಾಯಿಯ ಸಿಪ್ಪೆ ಗಟ್ಟಿ. ಬಿಸಿಲು ಮಳೆಗಳಿಗೆ ಹದಗೊಳ್ಳದೆ ಸುಲಭವಾಗಿ ಮೊಳೆಯದು, ಆದರೆ ಕಡಿದ ಬೊಡ್ಡೆಯಿಂದ ಹುಲುಸಾಗಿ ಚಿಗುರುತ್ತದೆ. ನೆಲ್ಲಿಯ ಹಣ್ಣನ್ನು ಜಿಂಕೆಯಂತಹ ಮೆಲುಕು ಹಾಕುವ ಪ್ರಾಣಿಗಳು ನುಂಗಿ, ಬೇರೆಡೆಗೆ ಹೋಗಿ ಓಟೆಯನ್ನು ಉಗುಳುತ್ತವೆ. ಬಿತ್ತನೆಯ ಕೂಲಿಯಿಲ್ಲದೆ ಕೆಲಸ ನಡೆಯುತ್ತದೆ.

ಇಷ್ಟೆಲ್ಲ ಉಪಾಯಗಳಿದ್ದೂ ಸಸಿಗಳು ಸೋಲುವುದೇಕೆ? ಬೀಜದ ಮರ ಇಲ್ಲದಿರುವುದು ಮೊದಲನೆಯ ಕಾರಣ. ನೇರವಾದ, ದಪ್ಪನಾದ ಮರವನ್ನೇ ಆರಿಸಿ ಕಡಿಯುತ್ತ ಬಂದರೆ ಬೀಜಕ್ಕೆ ಉಳಿಯುವುದು ಡೊಂಕು, ಪೊಟರೆಯ ಮರಗಳು. ಅಡಿಕೆ ಸೀಮೆಯ ಸೊಪ್ಪಿನ ಬೆಟ್ಟಗಳಲ್ಲಿ ಇನ್ನೊಂದು ಬಗೆ. ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೂ ಬೆಟ್ಟದ ಸೌಲಭ್ಯವಿರುವ ಉತ್ತರ ಕನ್ನಡದಲ್ಲಿ, ವರ್ಷವೂ ಸೊಪ್ಪು ಸವರಿಸಿಕೊಂಡ ಮರ ಹೂ ಬಿಟ್ಟು ಕಾಯಾಗಲು ಬಿಡುವೇ ಇರುವುದಿಲ್ಲ. ಇನ್ನು ಅತಿಯಾದ ಮೇವು, ಮೇಲಿಂದ ಮೇಲೆ ಬೀಳುವ ಬೆಂಕಿ, ನೆಲವನ್ನು ಮುಚ್ಚುವ ಕಳೆ ಇವು ಉಳಿದ ಕಾರಣಗಳು.

ಮುದುಮಲೆಯ ಖಾತೆ ಪುಸ್ತಕ

ಹತ್ತಾರು ವರ್ಷಗಳ ಲೆಕ್ಕ ಬೇಕೆಂದೆವಷ್ಟೆ. ಅಂತಹ ಲೆಕ್ಕವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದವರು ಪ್ರೊ. ರಾಮನ್ ಸುಕುಮಾರ್ ಅವರ ನೇತೃತ್ವದಲ್ಲಿ ಮುದುಮಲೆಯಲ್ಲಿ ಇಟ್ಟಿದ್ದಾರೆ. 1988ರಲ್ಲಿ 50 ಹೆಕ್ಟೇರಿನಲ್ಲಿ ಒಂದು ಸೆಂಟಿಮೀಟರಿಗಿಂತ ದಪ್ಪವಾದ ಪ್ರತಿಯೊಂದು ಗಿಡಮರಕ್ಕೂ ಅಂಕೆಯ ಬಿಲ್ಲೆ ಕಟ್ಟಿ, ಅಂದಿನಿಂದ ಯಾವುದು ಸತ್ತಿತು, ಯಾವುದು ಹೊಸದಾಗಿ ಸೇರಿತು ಎಂದು ಬರೆದಿಡುತ್ತ ಬರಲಾಗಿದೆ. ಜಮಾ ಖರ್ಚು ಪುಸ್ತಕದಷ್ಟೇ ಶಿಸ್ತಿನ ಕೆಲಸ ಇದು.

ಈ ಪುಸ್ತಕ ಹೇಳುವ ಮುಖ್ಯ ಸಂಗತಿಗಳೆರಡು. ಮೊದಲನೆಯದು, ದೊಡ್ಡ ಮರಗಳ ಸಾವು ಅತಿ ಕಡಿಮೆ; ಬೆಂಕಿಯ ವರ್ಷಗಳಲ್ಲಿ ನಷ್ಟವೆಲ್ಲ ಸಣ್ಣ ಗಾತ್ರದವುಗಳ ತಲೆಯ ಮೇಲೆಯೇ ಬೀಳುತ್ತದೆ. ಎರಡನೆಯದು, ಒಂದು ಜಾತಿ ಎಷ್ಟು ಬೇಗ ನೆಲೆ ತಪ್ಪಬಲ್ಲದೆಂಬುದು. ಎಣಿಕೆಯ ಆರಂಭದಲ್ಲಿ ಅಲ್ಲಿ ಅತಿ ಹೆಚ್ಚು ಸಂಖ್ಯೆಯಲ್ಲಿದ್ದುದು ಕಾಡುಬೆಂಡೆಯ ಮರ. ಅದರ ತೊಗಟೆ, ರೆಂಬೆಗಳು ಆನೆಗಳಿಗೆ ಪ್ರಿಯವಾದವು. ಆನೆಗಳ ಮುರಿತ, ಜೊತೆಗೆ ಬೆಂಕಿ ಸೇರಿ ಕೆಲವೇ ವರ್ಷಗಳಲ್ಲಿ ಆ ಜಾತಿ ಮೊದಲ ಸ್ಥಾನದಿಂದ ಕೆಳಕ್ಕಿಳಿಯಿತು. ಕಾಡು ಕಾಡಾಗಿಯೇ ಉಳಿಯಿತು, ಒಳಗಿನ ಪಾಲುದಾರರು ಮಾತ್ರ ಬದಲಾದರು. ಉಪಗ್ರಹದ ಚಿತ್ರದಲ್ಲಿ ಹಸಿರಿನ ವಿಸ್ತೀರ್ಣ ಕಾಣುತ್ತದೆ. ಈ ಪಾಲುದಾರಿಕೆಯ ಬದಲಾವಣೆ ಕಾಣುವುದಿಲ್ಲ.

ಬಿದಿರು ಕಲಿಸಿದ ಬೆಲೆಯ ಪಾಠ

ನಮ್ಮ ರಾಜ್ಯದಲ್ಲಿಯೇ ನಡೆದ ಬಿದಿರಿನ ಪ್ರಸಂಗವನ್ನು ಪ್ರತಿಯೊಬ್ಬ ಉದ್ಯಮಿಯೂ ತಿಳಿದಿರಬೇಕು. 1950ರ ದಶಕದ ಕೊನೆಯಲ್ಲಿ ಉತ್ತರ ಕನ್ನಡದ ಬಿದಿರನ್ನು ಕಾಗದ ತಯಾರಿಕೆಗೆ ಟನ್ನಿಗೆ ಒಂದೂವರೆ ರೂಪಾಯಿಯಂತಹ ದರದಲ್ಲಿ ಕೊಡಲಾಗುತ್ತಿತ್ತೆಂದು ಮಾಧವ ಗಾಡ್ಗೀಳ್ ಹಾಗೂ ರಾಮಚಂದ್ರ ಗುಹಾ ಅವರು ದಾಖಲಿಸಿದ್ದಾರೆ. ಅದೇ ಬಿದಿರಿಗೆ ಪೇಟೆಯಲ್ಲಿ ಮೇದಾರರು ಕೊಡಬೇಕಾಗಿದ್ದ ಬೆಲೆ ಅದರ ಎಷ್ಟೋ ಪಟ್ಟು. ಬಿದಿರು ಬೇಗ ಮುಗಿಯತೊಡಗಿದಾಗ, 1970ರ ದಶಕದ ನಡುವಿನಲ್ಲಿ ಗಾಡ್ಗೀಳ್ ಮತ್ತು ನರೇಂದ್ರ ಪ್ರಸಾದ್ ಕಾರಣ ಹುಡುಕಲು ಹೊರಟರು.

ಮುಳ್ಳುಬಿದಿರಿನ ಮೆಳೆಯ ಬುಡದಲ್ಲಿ ಮುಳ್ಳಿನ ಒಂದು ಹೊದಿಕೆ ಇರುತ್ತದೆ. ಕಡಿತಕ್ಕೆ ಅಡ್ಡಿಯೆಂದು, ಮೆಳೆ ಒತ್ತಾಗಿ ಬೆಳೆಯದಂತೆ ಮಾಡಲೆಂದು ಅದನ್ನು ಸವರಿ ಶುಚಿಗೊಳಿಸುವ ಪದ್ಧತಿ ಬಂದಿತ್ತು. ಹಳ್ಳಿಗರು ಮಾತ್ರ ಇದು ತಪ್ಪೆನ್ನುತ್ತಿದ್ದರು. ಅಧ್ಯಯನ ನಡೆಸಿದಾಗ ಹಳ್ಳಿಗರ ಮಾತೇ ನಿಜವಾಯಿತು. ಮುಳ್ಳಿನ ಹೊದಿಕೆಯೇ ಎಳೆಯ ಕಳಲೆಗಳಿಗೆ ಕೋಟೆ. ಅದನ್ನು ತೆಗೆದೊಡನೆ ದನಗಳೂ ಕಾಡುಪ್ರಾಣಿಗಳೂ ಕಳಲೆಯನ್ನು ಮೇಯ್ದು ಮೆಳೆಯ ಮರುಹುಟ್ಟನ್ನೇ ನಿಲ್ಲಿಸಿದ್ದವು.

ಈ ಪ್ರಸಂಗದಲ್ಲಿ ಎರಡು ಪಾಠಗಳಿವೆ. ಸರಕಿನ ನಿಜವಾದ ಕೊರತೆಯನ್ನು ತೋರಿಸದ ಅಗ್ಗದ ಬೆಲೆ ಉದ್ಯಮಕ್ಕೆ ಉಪಕಾರವೆನಿಸಿದರೂ ಕೊನೆಗೆ ಅಪಕಾರವೇ. ಕೊಳ್ಳುವವನಿಗೆ ಮರುಹುಟ್ಟಿನ ಚಿಂತೆಯೇ ಹುಟ್ಟುವುದಿಲ್ಲ. ಎರಡನೆಯದಾಗಿ, ಕಾಡಿನೊಡನೆ ದಿನವೂ ಬದುಕುವವನ ತಿಳಿವಳಿಕೆ ಕಚ್ಚಾ ಮಾಲಿನ ಲೆಕ್ಕಾಚಾರಕ್ಕೆ ಅಮೂಲ್ಯವಾದುದು.

ಲಂಟಾನದ ಕೆಳಗೆ ನೆಲ್ಲಿ

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ತಲೆತಲಾಂತರದಿಂದ ನೆಲ್ಲಿ, ಜೇನು ಮೊದಲಾದುವನ್ನು ಸಂಗ್ರಹಿಸುತ್ತ ಬಂದವರು. ಅಲ್ಲಿ ನೆಲ್ಲಿ ಮರಗಳು ಕಡಿಮೆಯಾಗುತ್ತಿರುವುದು ಗಮನಕ್ಕೆ ಬಂದಾಗ, ಕಾಯಿ ಕಿತ್ತು ಮಾರುವುದೇ ಕಾರಣವಿರಬೇಕೆಂದು ಭಾವಿಸುವುದು ಸಹಜ. ಆದರೆ ಸೋಲಿಗರೊಡನೆ ಸೇರಿ ವರ್ಷಗಟ್ಟಲೆ ನಡೆಸಿದ, 2012ರಲ್ಲಿ ಪ್ರಕಟವಾದ ಸಂಶೋಧನೆ ಬೇರೆಯದನ್ನೇ ಹೇಳಿತು. ಕಾಯಿ ಕೊಯ್ಲಿನ ಪರಿಣಾಮ ಅಲ್ಪ. ಮರಗಳ ಮೇಲೆ ಹಬ್ಬುವ ಬಂದಳಿಕೆ ಹಾಗೂ ನೆಲವನ್ನು ಮುಚ್ಚುವ ಲಂಟಾನಗಳೇ ನೆಲ್ಲಿಯ ಇಳಿಕೆಗೆ ಮುಖ್ಯ ಕಾರಣಗಳು. ಅದೇ ಬೆಟ್ಟದಲ್ಲಿ 1997ರಿಂದ 2008ರ ನಡುವಿನ ಹನ್ನೊಂದು ವರ್ಷಗಳಲ್ಲಿ ಲಂಟಾನವಿದ್ದ ತಾಣಗಳು ಹತ್ತಿರಹತ್ತಿರ ಇಮ್ಮಡಿಯಾದುದನ್ನು ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಅಳೆದು ತೋರಿಸಿದ್ದಾರೆ. ಲಂಟಾನದ ಪೊದೆ ಆಳೆತ್ತರ ಬೆಳೆದ ಕಡೆ ಬೆಳಕು ಬೇಡುವ ಸಸಿ ಮೇಲೇಳುವುದು ಹೇಗೆ?

ಸೋಲಿಗರ ಹಿರಿಯರ ವಾದ ಇನ್ನೂ ಮುಂದಕ್ಕೆ ಹೋಗುತ್ತದೆ. ಹಿಂದೆ ಬೇಸಗೆಯ ಆರಂಭದಲ್ಲಿಯೇ ಅವರು ಹಾಕುತ್ತಿದ್ದ ಮೃದುವಾದ ತರಗು ಬೆಂಕಿ ಲಂಟಾನವನ್ನೂ ಬಂದಳಿಕೆಯನ್ನೂ ಹದ್ದಿನಲ್ಲಿಟ್ಟಿತ್ತು. 1974ರಲ್ಲಿ ಬೆಟ್ಟ ವನ್ಯಧಾಮವಾಗಿ ಆ ಬೆಂಕಿ ನಿಂತ ಮೇಲೆ ಕಳೆ ಹಬ್ಬಿತು. ಈಗ ಬೆಂಕಿ ಬಿದ್ದರೆ ಲಂಟಾನದ ರಾಶಿಯಿಂದಾಗಿ ಅದು ಕಾಡ್ಗಿಚ್ಚೇ ಆಗುತ್ತದೆ ಎಂಬುದು ಅವರ ಅಭಿಪ್ರಾಯ. ಬೆಂಕಿಯ ಹಿತ ಮಿತಗಳ ಬಗೆಗೆ ತಜ್ಞರಲ್ಲಿ ಒಮ್ಮತವಿಲ್ಲ. ಆದರೆ 2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಸುಟ್ಟದ್ದನ್ನು ಕಂಡವರು, ಕಳೆ ತುಂಬಿದ ಒಣ ಕಾಡು ಎಂತಹ ಸಿಡಿಮದ್ದೆಂಬುದನ್ನು ಮರೆಯಲಾರರು.

ವರ್ತಕನ ಬಾಗಿಲಿಗೆ ಬಂದ ಪರಿಣಾಮ

ಹಿಂದಿನ ಕಾಲದಲ್ಲಿ ಮಿಶ್ರಜಾತಿಯ ಕಾಡನ್ನು ಬೋಳಾಗಿ ಕಡಿದು ತೇಗದ ನೆಡುತೋಪು ಮಾಡುವುದು ಲಾಭದಾಯಕವೆಂದು ತಿಳಿಯಲಾಗಿತ್ತು. ತೇಗವಲ್ಲದ್ದು ಬರಿಯ ಕಾಡುಜಾತಿ ಎನಿಸಿತ್ತು. ಇಂದು ಆ ಕಾಡುಜಾತಿಗಳಲ್ಲಿಯೇ ಹಲವಕ್ಕೆ ಬೇಡಿಕೆಯಿದೆ, ಒದಗಿಸುವ ಕಾಡು ಮಾತ್ರ ಕುಗ್ಗಿದೆ. ಅಂತಾರಾಷ್ಟ್ರೀಯ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಬೀಟೆ ಅಪಾಯಕ್ಕೀಡಾಗಬಲ್ಲ ಜಾತಿಯೆಂದೂ, ಹೊನ್ನೆ ಅಪಾಯದ ಅಂಚಿಗೆ ಬಂದಿರುವ ಜಾತಿಯೆಂದೂ ದಾಖಲಾಗಿವೆ.

ಕಾನೂನು ಕೂಡ ದಾರಿ ಬದಲಿಸಿದೆ. ಉದ್ಯಮಗಳು ತಮ್ಮ ಕಚ್ಚಾ ಮಾಲನ್ನು ರೈತರ ಜಮೀನಿನಲ್ಲಿ ಬೆಳೆಸಿಕೊಳ್ಳಬೇಕೆಂದು 1988ರ ರಾಷ್ಟ್ರೀಯ ಅರಣ್ಯ ನೀತಿ ಹೇಳಿತು. 1996ರ ಡಿಸೆಂಬರ್ 12ರ ಸರ್ವೋಚ್ಚ ನ್ಯಾಯಾಲಯದ ಆದೇಶದ ನಂತರ ಮಂಜೂರಾದ ಕಾರ್ಯಯೋಜನೆಯಿಲ್ಲದೆ ಕಾಡಿನಲ್ಲಿ ಮರ ಕಡಿಯುವಂತಿಲ್ಲ. ಆಮದಿನ ಮರ ಈ ಕೊರತೆಯನ್ನು ತುಂಬಿತು. ಆದರೆ 2014ರ ಏಪ್ರಿಲ್‌ನಲ್ಲಿ ಮ್ಯಾನ್ಮಾರ್ ದಿಮ್ಮಿ ರಫ್ತನ್ನು ನಿಲ್ಲಿಸಿದಾಗ, ಬರ್ಮಾ ತೇಗವನ್ನೇ ನಂಬಿದ ನಮ್ಮವರು ಆಫ್ರಿಕಾ, ದಕ್ಷಿಣ ಅಮೆರಿಕಗಳ ನೆಡುತೋಪಿನ ತೇಗಕ್ಕೆ ತಿರುಗಬೇಕಾಯಿತು. ಬೀಟೆಯ ಕುಲವೆಲ್ಲ 2017ರ ಜನವರಿಯಿಂದ ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿದ್ದರಿಂದ, 2005ರಲ್ಲಿ ಭೌಗೋಳಿಕ ಗುರುತು ಪಡೆದ ಮೈಸೂರು ಬೀಟೆ ಕೆತ್ತನೆಯ ರಫ್ತುದಾರರೂ ಪತ್ರಗಳನ್ನು ಸಿದ್ಧವಾಗಿಟ್ಟುಕೊಳ್ಳಬೇಕಾಯಿತು. ಸಿದ್ಧವಸ್ತುಗಳಿಗೆ ತೂಕದ ಮಿತಿಯೊಳಗೆ ವಿನಾಯಿತಿಗಳಿವೆಯಾದರೂ ಮರದ ಮೂಲವನ್ನು ತೋರಿಸುವ ಹೊಣೆ ತಪ್ಪಿಲ್ಲ.

ಖಾಸಗಿ ಜಮೀನಿನಲ್ಲಿ ಏನಾಗುತ್ತಿದೆ? ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳನ್ನು ನೋಡಿದರೆ ಉತ್ತರ ಸಿಗುತ್ತದೆ. ಹಿಂದೆ ಕಾಫಿಗೆ ನೆರಳಾಗಿದ್ದ ಹೊನ್ನೆ, ನಂದಿ, ಬೀಟೆ, ಅತ್ತಿಗಳ ಜಾಗವನ್ನು ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ಆಕ್ರಮಿಸಿದೆ. ಅದು ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಆಸರೆಯಾಗುತ್ತದೆ, ಪ್ಲೈವುಡ್ಡಿಗೆ ಬರುತ್ತದೆ ಎಂಬುದೆಲ್ಲ ನಿಜ. ಆದರೆ ಮುಖ್ಯ ಕಾರಣ ಬೇರೆ. ಸಿಲ್ವರ್ ಓಕ್ ಕಡಿಯಲು ಅನುಮತಿಯ ತೊಡಕಿಲ್ಲ. ನಾಡಿನ ಮರ ಕಡಿಯಬೇಕಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ ಅನುಮತಿ ಬೇಕು. ಎಷ್ಟೋ ಹಿಡುವಳಿಗಳಲ್ಲಿ ಮರದ ಒಡೆತನವೇ ಪ್ರಶ್ನೆಯಲ್ಲಿದೆ. ನಾಡಮರ ಬೆಳೆಸಿದವನಿಗೆ ತೊಡಕು, ಪರದೇಶದ ಮರ ಬೆಳೆಸಿದವನಿಗೆ ಸಲೀಸು ಎಂದಾದರೆ ರೈತ ಯಾವುದನ್ನು ನೆಡುತ್ತಾನೆಂಬುದನ್ನು ಹೇಳಬೇಕಾಗಿಲ್ಲ. ಮರವನ್ನು ಉಳಿಸಲೆಂದು ಮಾಡಿದ ನಿಯಮ ಸಸಿಯನ್ನು ಹುಟ್ಟದಂತೆ ಮಾಡಿದೆ.

ನಿಯಮ ಸಡಿಲಿಸಿದರೆ ಫಲ ಬರುತ್ತದೆಂಬುದಕ್ಕೂ ಉದಾಹರಣೆಗಳಿವೆ. 2001ರ ತಿದ್ದುಪಡಿಯಿಂದ ಜಮೀನಿನ ಶ್ರೀಗಂಧ ಜಮೀನುದಾರನದೇ ಎಂದಾದ ಮೇಲೆ ರೈತರು ಶ್ರೀಗಂಧ ನೆಡಲು ಮುಂದೆ ಬಂದರು. ಕಾಡಿನ ಹೊರಗೆ ಬೆಳೆದ ಬಿದಿರನ್ನು 2017ರಲ್ಲಿ ಮರದ ವ್ಯಾಖ್ಯೆಯಿಂದ ಕೈಬಿಟ್ಟಾಗ ಅದರ ಸಾಗಣೆ ಸುಲಭವಾಯಿತು. 2019ರಲ್ಲಿ ಅಗರಬತ್ತಿ ಆಮದಿಗೆ ನಿರ್ಬಂಧ, 2020ರ ಜೂನ್‌ನಲ್ಲಿ ಬಿದಿರು ಕಡ್ಡಿಯ ಆಮದು ಸುಂಕ ಶೇ. 25ಕ್ಕೆ ಏರಿಕೆ ಇವೆರಡೂ ನಮ್ಮ ಅಗರಬತ್ತಿ ಉದ್ಯಮಿಗಳು ಸ್ಥಳೀಯ ಬಿದಿರಿನತ್ತ ನೋಡುವಂತೆ ಮಾಡಿದವು.

ಸದಸ್ಯರು ಗಮನಿಸಬಹುದಾದ ಅಂಶಗಳು

1. ಖರೀದಿಯನ್ನು ಹಂಚಿಕೊಳ್ಳಿರಿ. ಚೌಕಟ್ಟಿಗೆ ಮತ್ತಿಯೇ, ಬಾಗಿಲಿಗೆ ಹೊನ್ನೆಯೇ ಆಗಬೇಕೆಂಬ ಪಟ್ಟನ್ನು ಬಿಟ್ಟು, ಗಿರಾಕಿಗೆ ತಿಳಿಹೇಳಿ, ನೆಡುತೋಪಿನಲ್ಲಿ ಬೆಳೆದ ಅಕೇಶಿಯಾ, ಹೆಬ್ಬೇವು, ಸಂಸ್ಕರಿಸಿದ ರಬ್ಬರ್ ಮರಗಳನ್ನು ಸೂಕ್ತವಾದ ಕಡೆ ಬಳಸಬಹುದು. ಒಂದೆರಡು ಜಾತಿಗಳ ಮೇಲಿನ ಒತ್ತಡ ಇಳಿಯುವುದಲ್ಲದೆ ಉದ್ಯಮಕ್ಕೂ ಭದ್ರತೆ ದೊರೆಯುತ್ತದೆ.

2. ಬೆಳೆಗಾರರೊಡನೆ ನೇರ ಒಪ್ಪಂದ ಮಾಡಿಕೊಳ್ಳಿರಿ. 2011–12ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಬದುಕುಳಿದ ಸಸಿಗಳಿಗೆ ಮೂರು ವರ್ಷ ಪ್ರೋತ್ಸಾಹಧನ ಕೊಡುವ ಏರ್ಪಾಡಿತ್ತು. ಸಸಿಯ ಸಂಖ್ಯೆಗಲ್ಲದೆ ಉಳಿವಿಗೆ ಹಣ ಕೊಡುವ ಈ ತತ್ತ್ವವನ್ನು ಖಾಸಗಿ ಒಪ್ಪಂದಗಳಲ್ಲಿಯೂ ಅನುಸರಿಸಬಹುದು.

3. ಕಳೆಯನ್ನು ಕಚ್ಚಾ ಮಾಲಾಗಿಸಿರಿ. ಮಲೆ ಮಹದೇಶ್ವರ ಬೆಟ್ಟದ ಸೀಮೆಯಲ್ಲಿ ಲಂಟಾನದ ಕಡ್ಡಿಗಳಿಂದ ಕುರ್ಚಿ, ಬುಟ್ಟಿ, ಆಟಿಕೆಗಳನ್ನು ಮಾಡುವ ತರಬೇತಿ ಯಶಸ್ವಿಯಾಗಿ ನಡೆದಿದೆ. ಅವರಿಗೆ ಕೊರತೆಯಿರುವುದು ಕೌಶಲ್ಯದ್ದಲ್ಲ. ವಿನ್ಯಾಸ, ಪ್ಯಾಕಿಂಗ್ ಹಾಗೂ ಮಾರುಕಟ್ಟೆಯದು. ಅವು ನಮ್ಮ ಸದಸ್ಯರ ಕೈಯಲ್ಲಿರುವ ವಿದ್ಯೆಗಳು.

4. ಔಷಧಿ ತಯಾರಕರು ಅಳಲೆ, ತಾರೆ, ನೆಲ್ಲಿಗಳನ್ನು ಕೊಳ್ಳುವಾಗ ರೆಂಬೆ ಕಡಿದು ತಂದ ಕಾಯಿಗೂ ಕೈಯಿಂದ ಕಿತ್ತು ತಂದ ಕಾಯಿಗೂ ಒಂದೇ ದರ ಕೊಡಬಾರದು. ಮರ ಉಳಿಸಿ ತಂದವನಿಗೆ ನಾಲ್ಕಾಣೆ ಹೆಚ್ಚು ಸಿಕ್ಕರೆ ಮಾತ್ರ ಮರ ಉಳಿಯುತ್ತದೆ.

5. ಜಮೀನಿನಲ್ಲಿ ನೆಟ್ಟು ಬೆಳೆಸಿದ ನಾಡಜಾತಿಗಳ ಕಡಿತ ಹಾಗೂ ಸಾಗಣೆಯ ಅನುಮತಿಯನ್ನು, ನೆಟ್ಟಾಗಲೇ ನೋಂದಾಯಿಸುವ ಕ್ರಮದ ಮೂಲಕ ಸರಳಗೊಳಿಸಬೇಕೆಂಬ ಬೇಡಿಕೆಯನ್ನು ವಾಣಿಜ್ಯ ಸಂಸ್ಥೆಗಳು ಸರ್ಕಾರದ ಮುಂದಿಡುವುದು ಉಚಿತ. ಕಾಡಿನ ಮರ ಕದ್ದು ಜಮೀನಿನದೆಂದು ತೋರಿಸುವ ದಾರಿ ತೆರೆಯದಂತೆ ಎಚ್ಚರವಹಿಸಿಯೇ ಇದನ್ನು ಕೇಳಬೇಕು.

ಮುಗಿಸುವ ಮುನ್ನ

ಮರದ ವ್ಯಾಪಾರದಲ್ಲಿ ತಂದೆ ಕೊಂಡದ್ದನ್ನು ಮಗ ಮಾರುತ್ತಾನೆ. ಆದರೆ ಬಿತ್ತಿದವನು ಮುತ್ತಜ್ಜ. ನಮ್ಮ ಡಿಪೊಗಳನ್ನು ತುಂಬಿದ ದಿಮ್ಮಿಗಳನ್ನು ನಾವಾರೂ ಬೆಳೆಸಿದ್ದಲ್ಲ. ಕಾಡು ಬೇರಿನಲ್ಲಿ ಗಂಟು ಕಟ್ಟಿಕೊಂಡು, ಬೆಂಕಿ, ಬರ, ಮೇವುಗಳನ್ನು ತಾಳಿಕೊಂಡು ಕೂಡಿಸಿಟ್ಟ ಆಸ್ತಿ ಅದು. ಆ ಆಸ್ತಿಯ ಬಡ್ಡಿಯನ್ನು ಉಣ್ಣುವುದು ವ್ಯಾಪಾರ. ಅಸಲನ್ನೇ ಉಣ್ಣುವುದು ದಿವಾಳಿ. ಮುಂದಿನ ಬಾರಿ ದಾಂಡೇಲಿಯ ಕಡೆಗೋ ನಾಗರಹೊಳೆಯ ಕಡೆಗೋ ಹೋಗುವ ಸದಸ್ಯರು ಮರಗಳ ನೆತ್ತಿಯನ್ನು ನೋಡುವುದರ ಜೊತೆಗೆ ಒಮ್ಮೆ ಅವುಗಳ ಬುಡವನ್ನೂ ನೋಡಬೇಕಾಗಿ ವಿನಂತಿ. ಅಲ್ಲಿ ಹೊನ್ನೆಯ, ಮತ್ತಿಯ, ಬೀಟೆಯ ಎಳೆಯ ಸಸಿಗಳು ಕಂಡರೆ ಮೊಮ್ಮಕ್ಕಳ ಕಾಲದ ಅಂಗಡಿಗೆ ಸರಕಿದೆಯೆಂದು ತಿಳಿಯಬಹುದು. ಬರಿಯ ಲಂಟಾನ ಕಂಡರೆ, ಕಪಾಟು ತುಂಬಿರುವಾಗಲೇ ಬೇರೆ ಏರ್ಪಾಡನ್ನು ಆರಂಭಿಸುವುದು ಜಾಣತನ.